ಕಚ್ಚಾ ದಾರಿ, ಪಕ್ಕಾ ದಾರಿ

ಹತ್ತೊಂಬತ್ತು ಮಕ್ಕಳು ಹತ್ತನೇ ತರಗತಿಯ ಪರೀಕ್ಷೆ ಕಳೆದುಕೊಂಡ ಆ ಸೋಮವಾರದ ಬಗ್ಗೆ ನಮ್ಮೂರಲ್ಲಿ ಇಬ್ಬರು ಸೇರಿದರೆ ಮೂರು ಮಾತು ಹುಟ್ಟುತ್ತವೆ. ಮಕ್ಕಳೇ ತಡವಾಗಿ ಎದ್ದರು ಅನ್ನುವವರಿದ್ದಾರೆ. ಪುರಸಭೆಯವರು ಮೋಸ ಮಾಡಿದರು ಅನ್ನುವವರಿದ್ದಾರೆ. ಗಣಿತದ ಅಕ್ಕಾರು ಬರೆದ ದಾರಿಯೇ ಕೆಟ್ಟಿತ್ತು ಅನ್ನುವವರು ಇವರೆಲ್ಲರಿಗಿಂತ ಹೆಚ್ಚು. ಆ ಗಣಿತದ ಅಕ್ಕಾರು ನಾನೇ. ಹೆಸರು ಇಂದುಮತಿ, ಸರಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆ ದಿನದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ.

ನಮ್ಮೂರಲ್ಲಿ ಹದಿನೆಂಟು ಓಣಿಗಳು. ದಿನಾ ಬೆಳಕು ಹರಿಯುವ ಹೊತ್ತಿಗೆ ಅವು ಜಾಗ ಬದಲಿಸುತ್ತವೆ. ಓಣಿಯೊಳಗಿನ ಮನೆಗಳು ಒಂದನ್ನೊಂದು ಬಿಡುವುದಿಲ್ಲ, ಎದುರು ಮನೆ ಎದುರಿಗೇ ಇರುತ್ತದೆ, ಪಕ್ಕದ ಮನೆಯ ಜಗಳ ಪಕ್ಕದಲ್ಲೇ ಕೇಳುತ್ತದೆ. ಓಣಿಗೆ ಓಣಿಯೇ ಎದ್ದು ಬೇರೆ ಕಡೆ ಹೋಗಿ ಕೂತಿರುತ್ತದೆ, ಅಷ್ಟೇ. ನಿನ್ನೆ ಗುಡ್ಡದ ಬುಡದಲ್ಲಿದ್ದ ಬಣಗಾರ ಓಣಿ ಇವತ್ತು ಸ್ಟೇಷನ್ನಿನ ಆಚೆ. ಹೆಣ್ಣು ಕೊಡುವಾಗ ನಾವು ಯಾವ ಓಣಿ ಎಂದು ಕೇಳುತ್ತೇವೆಯೇ ಹೊರತು ಎಷ್ಟು ದೂರ ಎಂದು ಕೇಳುವುದಿಲ್ಲ. ಲಗ್ನಪತ್ರಿಕೆಯ ಕೆಳಗೆ "ಅಂದಿನ ದಾರಿ ನೋಡಿಕೊಂಡು ಬರಬೇಕಾಗಿ ವಿನಂತಿ" ಎಂದು ಅಚ್ಚು ಹಾಕಿಸುತ್ತೇವೆ. ನನ್ನ ಶಾಲೆ ಬಣಗಾರ ಓಣಿಯಲ್ಲಿದೆ. ಮನೆ ತೇರಿನ ಓಣಿಯಲ್ಲಿ. ಕೆಲವು ದಿನ ನಾಲ್ಕು ಹೆಜ್ಜೆ, ಕೆಲವು ದಿನ ಮುಕ್ಕಾಲು ಗಂಟೆ.

ಹನ್ನೆರಡು ವರ್ಷದ ಹಿಂದೆ ನಾನೂ ಇನ್ನೂ ನಾಲ್ವರೂ ಸೇರಿ ಫೋನಿಗೊಂದು ತಂತ್ರಾಂಶ ಬರೆದೆವು. ಹೆಸರು "ದಾರಿ". ಬೆಳಿಗ್ಗೆ ಬೇಗ ಏಳುವವರು, ಅಂದರೆ ಹಾಲಿನವರು, ಕಸ ಗುಡಿಸುವವರು, ವಾಕಿಂಗಿಗೆ ಹೋಗುವ ಮುದುಕರು, ತಮ್ಮ ಓಣಿಯ ಬಾಯಿಗೆ ನಿಂತು ಎಡಕ್ಕೆ ಯಾವ ಓಣಿ ಬಂದಿದೆ, ಬಲಕ್ಕೆ ಯಾವುದು ಎಂದು ಒತ್ತುತ್ತಾರೆ. ದಾರಿ ಅದನ್ನೆಲ್ಲ ಕೂಡಿಸಿ ಆರೂವರೆಗೆ ಇಡೀ ಊರಿನ ಅಂದಿನ ನಕ್ಷೆ ತೋರಿಸುತ್ತದೆ. ನಾವು ಇದನ್ನು ಯಾರಿಗೂ ಮಾರಲಿಲ್ಲ. ಬರೆದ ಸಾಲುಗಳನ್ನೆಲ್ಲ ಬಯಲಿಗಿಟ್ಟೆವು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ತೆಗೆದು ಹಂಚಬಹುದು. ಹಾಗೆಂದು ಮೊದಲ ಪುಟದಲ್ಲಿ ಬರೆದವಳು ನಾನೇ. ಆ ಸಾಲು ಬರೆದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಮನೆಯಲ್ಲಿ ಹೋಳಿಗೆ ಮಾಡಿದ್ದೆ.

ಏನಾದರೂ ಹೊಸದು ಸೇರಿಸಿದಾಗ ನಾವು ಅದನ್ನು ಮೊದಲು ಪ್ರಯೋಗಕ್ಕೆಂದು ಬಿಡುತ್ತಿದ್ದೆವು. ಊರವರು ಅದಕ್ಕೆ ಕಚ್ಚಾ ದಾರಿ ಎಂದು ಹೆಸರಿಟ್ಟರು. ಎರಡು ತಿಂಗಳು ಜನ ಬಳಸಿ, ತಪ್ಪು ಹುಡುಕಿ, ನಾವು ತಿದ್ದಿ, ಇನ್ನು ಇದನ್ನು ನಂಬಬಹುದು ಎನಿಸಿದ ಮೇಲೆ ಬಿಡುವುದು ಪಕ್ಕಾ ದಾರಿ. ಹೇಳುವುದಕ್ಕೆ ಚೆಂದ. ಆದರೆ ಕಚ್ಚಾ ದಾರಿಯನ್ನು ಬಳಸುವವರು ಯಾರು? ಎಲ್ಲರೂ ಜಾಣರು. "ಪಕ್ಕಾ ಆಗ್ಲಿ, ಆಮ್ಯಾಲೆ ನೋಡೂಣು" ಎನ್ನುತ್ತಾರೆ. ಪಕ್ಕಾ ಬಿಟ್ಟ ಮರುದಿನ ಒಂದು ಅಕ್ಷರ ಅತ್ತಿತ್ತ ಆದರೂ ಶಾಲೆಯ ಗೇಟಿಗೆ ಬಂದು ಬೈಯುತ್ತಾರೆ. ಯಾರೂ ಉಣ್ಣದೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಅಡಿಗೆಯವಳಿಗೆ ಯಾರು ಹೇಳಬೇಕು?

ಎಂಟು ವರ್ಷದಿಂದ ಒಬ್ಬನೇ ಒಬ್ಬ ಉಣ್ಣುತ್ತಿದ್ದ. ಗ್ಯಾಸ್ ಸಿಲಿಂಡರ್ ಹಂಚುವ ಯಮನೂರಪ್ಪ. ಐವತ್ತು ದಾಟಿದ ಮನುಷ್ಯ, ತಗ್ಗು ದಿನ್ನೆ ಕಂಡಲ್ಲೆಲ್ಲ ಕೆಮ್ಮುವ ಮೂರು ಗಾಲಿಯ ಟೆಂಪೋ. ದಿನಕ್ಕೆ ಹತ್ತು ಹನ್ನೆರಡು ಓಣಿ ಹೊಕ್ಕು ಹೊರಬರಬೇಕಾದವನು. ಕಚ್ಚಾ ದಾರಿ ಬಿಟ್ಟ ದಿನವೇ ತನ್ನ ಫೋನಿಗೆ ಹಾಕಿಕೊಳ್ಳುತ್ತಿದ್ದ. ಬರೆಯಲು ಬೇಸರ, ಹಾಗಾಗಿ ತಪ್ಪು ಕಂಡಾಗ ಟೆಂಪೋ ಓಡಿಸುತ್ತಲೇ ಮಾತಾಡಿ ಧ್ವನಿ ಕಳಿಸುತ್ತಿದ್ದ. ನಮ್ಮ ದೂರುಗಳ ಪಟ್ಟಿಯೂ ಬಯಲಲ್ಲೇ ಇತ್ತು, ಯಾರು ಬೇಕಾದರೂ ನೋಡಬಹುದಾಗಿತ್ತು. ಆ ಪಟ್ಟಿಯ ಅರ್ಧ ಯಮನೂರಪ್ಪನೇ ತುಂಬಿದ್ದ. ಊರಲ್ಲಿ ಅವನಿಗೆ ಕಚ್ಚಾ ಯಮನೂರಪ್ಪ ಎಂದೇ ಹೆಸರು ಬಿತ್ತು. ಚಹಾದಂಗಡಿಯಲ್ಲಿ ಅವನನ್ನು ಕಂಡರೆ ನಗುತ್ತಿದ್ದರು. ಎಂಟು ವರ್ಷ ಇಡೀ ಊರು ಎಡವದೆ ನಡೆದದ್ದು ಆ ಮನುಷ್ಯ ತಮ್ಮೆಲ್ಲರ ಪರವಾಗಿ ಮೊದಲೇ ಎಡವಿದ್ದರಿಂದ ಎಂದು ಆ ನಗುವವರಿಗೆ ಗೊತ್ತಿರಲಿಲ್ಲ. ನಾನಾದರೂ ಒಂದು ದಿನ ಗಟ್ಟಿಯಾಗಿ ಹೇಳಿದ್ದೆನೇ? ಇಲ್ಲ.

ಕಳೆದ ಪುಷ್ಯ ಮಾಸದಲ್ಲಿ ನಾವು ಏಳನೆಯ ದಾರಿಯನ್ನು ಕಚ್ಚಾ ಎಂದು ಬಿಟ್ಟೆವು. ಅದರಲ್ಲೊಂದು ದೊಡ್ಡ ಸಂಗತಿ ಇತ್ತು. ಹನ್ನೆರಡು ವರ್ಷದ ಓಡಾಟವನ್ನೆಲ್ಲ ಲೆಕ್ಕ ಹಾಕಿ, ನಾಳೆ ಯಾವ ಓಣಿ ಎಲ್ಲಿರುತ್ತದೆ ಎಂದು ಇವತ್ತು ಸಂಜೆಯೇ ಹೇಳುತ್ತಿತ್ತು. ನೂರಕ್ಕೆ ತೊಂಬತ್ತೆಂಟು ಸಲ ಸರಿ ಇರುತ್ತಿತ್ತು. ಉಳಿದೆರಡು ಸಲಕ್ಕೆಂದೇ ಪರದೆಯ ಮೇಲೆ ಒಂದು ಸಾಲು ಹಾಕಿದ್ದೆ: "ಇದು ಕಚ್ಚಾ ದಾರಿ. ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಂಡೇ ಹೊರಡಿ."

ಸುದ್ದಿ ಕೇಳಿ ಪುರಸಭೆಯ ಅಧ್ಯಕ್ಷ ರುದ್ರಸ್ವಾಮಿ ತಾವೇ ಶಾಲೆಗೆ ಬಂದರು. ಪುರಸಭೆಗೆ ನೂರು ವರ್ಷ ತುಂಬುವ ಸಮಾರಂಭ ಹತ್ತಿರದಲ್ಲಿತ್ತು, ಮಂತ್ರಿಗಳು ಬರುವವರಿದ್ದರು.

"ನೋಡ್ರಿ ಮೇಡಂ, ಇದು ಊರಿಗೆ ಹೆಮ್ಮೆ. ಮಂತ್ರಿಗಳ ಕೈಲಿ ಬಿಡುಗಡೆ ಮಾಡಸೂಣು. ಹದಿನೈದು ದಿನದಾಗ ಪಕ್ಕಾ ಮಾಡಿ ಕೊಡ್ರಿ."

"ಆಗೂದಿಲ್ಲ ಸರ್. ಇನ್ನೂ ಆರು ವಾರ ಬೇಕು."

"ಎರಡು ಸಾವಿರ ಮಂದಿ ಇಳಿಸಿಕೊಂಡಾರ. ಒಬ್ಬರಾದ್ರೂ ದೂರು ಕೊಟ್ಟಾರೇನು?"

"ಇಳಿಸಿಕೊಂಡಾರ ಸರ್, ಯಾರೂ ತೆರೆದು ನೋಡಿಲ್ಲ. ಮದ್ದು ತಂದು ಮಾಡದಾಗ ಇಟ್ರ ಜ್ವರ ಹೋಗತೈತೇನು?"

ಅವರು ನಕ್ಕು ಎದ್ದರು. ಅವರ ನಗುವಿನಲ್ಲಿ ಒಪ್ಪಿಗೆ ಇದೆಯೆಂದು ನಾನು ತಿಳಿದೆ. ಅದು ನನ್ನ ದಡ್ಡತನ.

ಅದೇ ವಾರ ಯಮನೂರಪ್ಪನ ಧ್ವನಿ ಬಂತು. ಕಂಬಾರ ಓಣಿಗೂ ಬಣಗಾರ ಓಣಿಗೂ ಹೆಸರು ಕಲಸಿಹೋಗಿದೆ ಎಂದು. ನಾನು ಮರುದಿನದಿಂದ ನಾಲ್ಕು ನಸುಕು ಎದ್ದು ಎರಡೂ ಓಣಿಗೆ ನಡೆದು ಹೋಗಿ ನೋಡಿದೆ. ನಾಲ್ಕೂ ದಿನ ದಾರಿ ಹೇಳಿದ್ದು ಸರಿಯಾಗಿಯೇ ಇತ್ತು. ಐದನೆಯ ದಿನ ಆ ದೂರಿನ ಕೆಳಗೆ "ಇಲ್ಲಿ ಕಾಣಲಿಲ್ಲ" ಎಂದು ಬರೆದು ಮುಚ್ಚಿದೆ.

ಸಮಾರಂಭದ ದಿನ ವೇದಿಕೆಯ ಮೇಲೆ ಮಂತ್ರಿಗಳು ಒಂದು ಗುಂಡಿ ಒತ್ತಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಫೋನು ಟಿಣ್ ಎಂದಿತು. ತೆಗೆದು ನೋಡಿದರೆ "ನಗರ ದಾರಿ, ಪಕ್ಕಾ ಆವೃತ್ತಿ, ಪುರಸಭೆಯ ಕೊಡುಗೆ." ನಮ್ಮದೇ ಏಳನೆಯ ಕಚ್ಚಾ ದಾರಿ. ಒಂದು ಸಾಲೂ ಬದಲಾಗಿರಲಿಲ್ಲ. ತಪ್ಪಾಯಿತು, ಒಂದು ಸಾಲು ಬದಲಾಗಿತ್ತು. ಬೆಳಿಗ್ಗೆ ಮತ್ತೊಮ್ಮೆ ನೋಡಿಕೊಂಡೇ ಹೊರಡಿ ಎಂದು ನಾನು ಬರೆದಿದ್ದಲ್ಲಿ ಪುರಸಭೆಯ ಮುದ್ರೆ ಕೂತಿತ್ತು. ಊರ ತುಂಬ ಹಚ್ಚಿದ ಫಲಕಗಳಲ್ಲಿ "ಸಂಜೆ ನೋಡಿ, ನಿಶ್ಚಿಂತೆಯಿಂದ ಮಲಗಿ, ಬೆಳಿಗ್ಗೆ ನೋಡುವ ಗೋಜಿಲ್ಲ" ಎಂದು ಬರೆಸಿದ್ದರು.

ನಾನು ವೇದಿಕೆಯ ಹಿಂದೆ ಹೋಗಿ ಅಧ್ಯಕ್ಷರನ್ನು ನಿಲ್ಲಿಸಿದೆ. "ಯಾರನ್ನ ಕೇಳಿ ಮಾಡಿದ್ರಿ?"

"ಯಾರನ್ನ ಕೇಳಬೇಕ್ರೀ? ಯಾರು ಬೇಕಾದ್ರೂ ನಕಲು ಮಾಡಬಹುದು ಅಂತ ನೀವ ಬರೆದೀರಿ."

ಅವರು ಹೇಳಿದ್ದು ನಿಜ. ಕದ್ದಿದ್ದರೆ ಪೊಲೀಸರ ಹತ್ತಿರ ಹೋಗಬಹುದಿತ್ತು. ಕೊಟ್ಟದ್ದನ್ನೇ ಕೈಯೊಡ್ಡಿ ತೆಗೆದುಕೊಂಡು ಅದರ ಕೊರಳಿನ ಗಂಟೆ ಬಿಚ್ಚಿ ಬಿಟ್ಟವರನ್ನು ಯಾವ ಠಾಣೆಗೆ ಕರೆದೊಯ್ಯುವುದು? ಮರುದಿನ ಶಾಲೆಯ ಗೋಡೆಗೆ, ಬಸ್ ನಿಲ್ದಾಣಕ್ಕೆ, ಹಾಲಿನ ಕೇಂದ್ರಕ್ಕೆ "ಬೆಳಿಗ್ಗೆ ಮತ್ತೆ ನೋಡಿ" ಎಂದು ಕೈಯಾರೆ ಬರೆದು ಅಂಟಿಸಿದೆ. ಹೊಟ್ಟೆಕಿಚ್ಚು ಎಂದರು. ಮಂತ್ರಿಗಳ ಕೈಯಿಂದ ಹಾರ ಸಿಗಲಿಲ್ಲವೆಂದು ಅಕ್ಕಾರಿಗೆ ಸಿಟ್ಟು ಎಂದರು.

ಮೂರು ವಾರ ಏನೂ ಆಗಲಿಲ್ಲ. ಸಂಜೆ ನೋಡಿ ಮಲಗುವುದು ಊರಿಗೆ ರೂಢಿಯಾಯಿತು.

ಪರೀಕ್ಷೆಯ ಮೊದಲ ದಿನ ಕನ್ನಡ. ನನ್ನದು ಗಣಿತವಾದ್ದರಿಂದ ಕೊಠಡಿ ಮೇಲ್ವಿಚಾರಣೆಗೆ ಹಾಕಿದ್ದರು. ನಮ್ಮ ಶಾಲೆಯೇ ಕೇಂದ್ರ, ಊರಿನ ನಾಲ್ಕು ಶಾಲೆಯ ಮಕ್ಕಳು ಅಲ್ಲಿಗೇ ಬರಬೇಕು. ಅಂದು ಬಣಗಾರ ಓಣಿ ಗುಡ್ಡದ ಬುಡದಲ್ಲಿತ್ತು. ಹತ್ತೂಕಾಲಾದರೂ ನನ್ನ ಕೊಠಡಿಯಲ್ಲಿ ಆರು ಬೆಂಚು ಖಾಲಿ. ಪಕ್ಕದ ಕೊಠಡಿಯಲ್ಲೂ ಖಾಲಿ. ಚೀಟಿ ಅಂಟಿಸಿದ ಬೆಂಚುಗಳು ಹಾಗೆ ಖಾಲಿ ಇರುವುದನ್ನು ನೋಡುತ್ತಲೇ ಬಾಗಿಲಿಗೆ ಬಂದೆ. ಸೇವಕನ ಫೋನು ಇಸಿದುಕೊಂಡು ಹಿಂದಿನ ಸಂಜೆ ನಗರ ದಾರಿ ಏನು ಹೇಳಿತ್ತೆಂದು ನೋಡಿದೆ. ಬಣಗಾರ ಓಣಿ ಸ್ಟೇಷನ್ನಿನ ಆಚೆ ಎಂದಿತ್ತು. ಅಲ್ಲಿದ್ದದ್ದು ಕಂಬಾರ ಓಣಿ. ಊರಿನ ಆ ತುದಿ.

ಬೆಳಿಗ್ಗೆ ಎದ್ದು ಮತ್ತೆ ನೋಡುವ ಹಳೆಯ ಅಭ್ಯಾಸವಿದ್ದ ಮಕ್ಕಳು ಸರಿಯಾಗಿ ಬಂದಿದ್ದರು. ನಂಬಿದ ನಲವತ್ತಮೂರು ಮಕ್ಕಳು ಹೊಸ ಬಟ್ಟೆ, ಹಣೆಗೆ ಕುಂಕುಮ, ಕೈಯಲ್ಲಿ ಎರಡೆರಡು ಪೆನ್ನು ಹಿಡಿದು ಕಮ್ಮಾರರ ತಿದಿಗಳ ನಡುವೆ ಶಾಲೆ ಹುಡುಕುತ್ತಿದ್ದರು. ಯಮನೂರಪ್ಪ ಅಲ್ಲಿಗೆ ಸಿಲಿಂಡರ್ ಇಳಿಸಲು ಹೋಗಿದ್ದ. ಅಳುತ್ತಿದ್ದ ಹುಡುಗಿಯೊಬ್ಬಳನ್ನು ಕಂಡು ಕೇಳಿ, ಏನಾಯಿತೆಂದು ಅವನಿಗೆ ಆ ಕ್ಷಣವೇ ಹೊಳೆಯಿತಂತೆ. ತುಂಬಿದ ಸಿಲಿಂಡರುಗಳನ್ನೆಲ್ಲ ರಸ್ತೆಯ ಪಕ್ಕ ಇಳಿಸಿ, ಒಬ್ಬ ಕಮ್ಮಾರನನ್ನು ಕಾವಲಿಗೆ ನಿಲ್ಲಿಸಿ, ಹನ್ನೆರಡು ಮಕ್ಕಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಇಳಿಸಿ ಮತ್ತೆ ಓಡಿದ. ಎರಡನೆಯ ಸಲ ಇನ್ನೂ ಹನ್ನೆರಡು. ಅವರು ಒಳಗೆ ಓಡುವಾಗ ಗಂಟೆ ಹೊಡೆಯಿತು. ಮೂರನೆಯ ಸಲ ಉಳಿದವರನ್ನೆಲ್ಲ ತುರುಕಿಕೊಂಡು ಅವನು ಬಂದಾಗ ಗೇಟು ಹಾಕಿತ್ತು.

ನಾನು ಕೊಠಡಿ ಬಿಟ್ಟು ಓಡಿ ಬಂದೆ. ಮುಖ್ಯ ಅಧೀಕ್ಷಕರು ಬೇರೆ ಊರಿನವರು. ಅವರ ಊರಲ್ಲಿ ಓಣಿಗಳು ಕೂತಲ್ಲೇ ಕೂತಿರುತ್ತವೆ.

"ಹನ್ನೊಂದು ನಿಮಿಷ ಸರ್. ಹನ್ನೊಂದೇ ನಿಮಿಷ ತಡ ಆಗೇತಿ. ಮಕ್ಕಳದು ತಪ್ಪಿಲ್ಲ."

"ಹತ್ತೂವರೆಗೆ ಗೇಟು ಹಾಕಬೇಕು, ಅಷ್ಟೇ ನನಗ ಗೊತ್ತು. ನಿಮ್ಮೂರ ಓಣಿ ಎಲ್ಲೆಲ್ಲಿ ಅಡ್ಡಾಡತಾವು ಅನ್ನೂದು ನನ್ನ ಪುಸ್ತಕದಾಗ ಇಲ್ಲ."

ಗೇಟಿನ ಸರಳಿನ ಆಚೆ ಹತ್ತೊಂಬತ್ತು ಮಕ್ಕಳು. ನನ್ನದೇ ತರಗತಿಯ ಪಾರ್ವತಿ ತಳವಾರ ಮುಂದೆ ನಿಂತಿದ್ದಳು. ಅವಳು ಅಳಲಿಲ್ಲ. "ಅಕ್ಕಾರ, ಪಕ್ಕಾ ಅಂತ ಬರೆದಿತ್ತಲ್ರೀ" ಎಂದಳು, ಅಷ್ಟೇ. ನಾನು ಆ ಗೇಟನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸಿದೆ. ಇಬ್ಬರು ಪೊಲೀಸರು ಬಂದು ನನ್ನನ್ನು ಕೊಠಡಿಗೆ ಕಳಿಸಿದರು. ಮೂರು ಗಂಟೆ ಆ ಖಾಲಿ ಬೆಂಚುಗಳ ನಡುವೆ ಅಡ್ಡಾಡಿದೆ.

ಶನಿವಾರ ಪುರಸಭೆಯ ಸಭಾಂಗಣದಲ್ಲಿ ಊರು ಸೇರಿತು. ನಾನು ಹೇಳಬೇಕಾದ್ದನ್ನೆಲ್ಲ ಮೂರು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಎಚ್ಚರಿಕೆಯ ಸಾಲನ್ನು ಅಳಿಸಿದವರು ಯಾರು, ಆರು ವಾರ ಬೇಕೆಂದಾಗ ನಕ್ಕವರು ಯಾರು, ಎಲ್ಲ. ಓದಿದೆ. ಗಂಟಲು ಹರಿಯುವ ಹಾಗೆ ಓದಿದೆ. ಜನ ಅಧ್ಯಕ್ಷರ ಕಡೆ ತಿರುಗಿ ಕೂಗತೊಡಗಿದರು.

ರುದ್ರಸ್ವಾಮಿ ಎದ್ದು ನಿಂತು ಶಾಂತವಾಗಿ ಹೇಳಿದರು. "ನಾನೂ ಹೆಬ್ಬೆಟ್ಟಿನವ ಅಲ್ಲ. ಬಿಡುಗಡೆಗಿಂತ ಮೊದಲ ಮೇಡಮ್ಮಾರ ದೂರಿನ ಪಟ್ಟಿ ತೆಗಸಿ ನೋಡೀನಿ. ಮುಚ್ಚದ ದೂರು ಒಂದೂ ಇರಲಿಲ್ಲ. ಬೇಕಾದ್ರ ನೀವೂ ನೋಡ್ರಿ."

ಗುಮಾಸ್ತ ಆ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸಿದ. ಕಟ್ಟಕಡೆಯ ದೂರು ಯಮನೂರಪ್ಪನದು. ಅದರ ಕೆಳಗೆ ನನ್ನ ಹೆಸರು, ನನ್ನ ಮಾತು: ಇಲ್ಲಿ ಕಾಣಲಿಲ್ಲ, ಮುಚ್ಚಲಾಗಿದೆ. ಗುಮಾಸ್ತ ಆ ಧ್ವನಿಯನ್ನೂ ಹಚ್ಚಿದ. ಸಭಾಂಗಣದ ತುಂಬ ಟೆಂಪೋದ ಕೆಮ್ಮು, ಸಿಲಿಂಡರುಗಳ ಗಡಗಡ.

"ಅಕ್ಕಾರ, ನಮಸ್ಕಾರ್ರೀ. ನಾ ಯಮನೂರಪ್ಪ. ಮೊಣಕಾಲು ಭಾಳ ಹಿಡಿದೈತ್ರೀ, ಅದಿರ್ಲಿ. ಮಗಳು ಬಾಣಂತನಕ್ಕ ಬಂದಾಳ್ರೀ. ಈ ಕಂಬಾರ ಓಣಿ, ಬಣಗಾರ ಓಣಿ ಹೆಸರು ಕಲಸ್ಯಾವ್ರೀ..." ಆಮೇಲೆ ಯಾರಿಗೋ ದಾರಿ ಬಿಡು ಎಂದು ಬೈದ. ಮಗಳಿಗೆ ಹಾಲು ಕಡಿಮೆ, ಏನು ಕೊಡಬೇಕು ಎಂದು ಕೇಳಿದ. ಜನ ನಗತೊಡಗಿದರು. ಮೂರನೆಯ ನಿಮಿಷ ದಾಟಿತು. ನಾಲ್ಕನೆಯದರಲ್ಲಿ ಟೆಂಪೋ ನಿಂತ ಸದ್ದು ಕೇಳಿತು, ಅವನ ದನಿ ಸ್ಪಷ್ಟವಾಯಿತು.

"ಹಾಂ, ಅಕ್ಕಾರ. ಯಾವಾಗ ತಪ್ಪತೈತಿ ಅಂದ್ರ, ಈ ಎರಡೂ ಓಣಿ ಮೊನ್ನೆ ಅದಲಬದಲ ಆದ್ವು. ನಿನ್ನೆ ಮತ್ತ ಅದಲಬದಲ ಆದ್ವು. ಎರಡು ದಿನ ಸಾಲಾಗಿ ಹಂಗಾದ್ರ ಮೂರನೇ ದಿನ ಇದರ ಹೆಸರು ಅದಕ್ಕ, ಅದರ ಹೆಸರು ಇದಕ್ಕ ಹಚ್ಚತೈತ್ರೀ. ಮೂರನೇ ದಿನಾನ ನೋಡ್ರಿ. ಬ್ಯಾರೆ ದಿನ ನೋಡಿದ್ರ ಕಾಣೂದಿಲ್ಲ."

ನಗು ನಿಂತಿತು. ನಾನು ನಿಂತೇ ಇದ್ದೆ. ಆ ಧ್ವನಿಯನ್ನು ನಾನು ಕಿರುಪರೀಕ್ಷೆಯ ಪೇಪರು ತಿದ್ದುತ್ತ ಕೇಳಿದ್ದೆ. ಮಗಳ ಹಾಲಿನ ಮಾತು ಬಂದಾಗ, ಇವನದು ಇದ್ದದ್ದೇ ಎಂದು ನಿಲ್ಲಿಸಿದ್ದೆ. ನಾಲ್ಕು ನಸುಕು ನಡೆದಿದ್ದೆ, ನಾಲ್ಕು ನಿಮಿಷ ಕೇಳಿರಲಿಲ್ಲ.

ಯಮನೂರಪ್ಪ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಕಂಡು ತಲೆಗೆ ಕಟ್ಟಿದ ಟವೆಲು ಬಿಚ್ಚಿದ. "ಎಂಟು ವರ್ಷ ಹೇಳೀನ್ರೀ" ಎಂದ. ಅವನ ದನಿ ನಡುಗುತ್ತಿತ್ತು, ಅದು ಸಿಟ್ಟೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾಕೆಂದರೆ ಅವನು ಸಿಟ್ಟಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಅಧ್ಯಕ್ಷರು ಇದನ್ನ ಓದಿ ತಿಳಿಯಲಾರದ್ದಕ್ಕ ಆ ಎಚ್ಚರಿಕಿ ಸಾಲು ಅಳಿಸಿದ್ರು. ನೀವು ಓದೂಕಿ, ಅಕ್ಕಾರ. ನೀವ್ಯಾಕ ಮುಚ್ಚಿದ್ರಿ?"

ತಪ್ಪು ನಂದು ಎಂದೆ. ಮೈಕಿನಲ್ಲೇ ಎಂದೆ. ಅಧ್ಯಕ್ಷರ ಮುಖದಲ್ಲಿ ನೆಮ್ಮದಿ ಹರಡಿದ್ದು ಕಂಡಿತು. ಜನ ಕುರ್ಚಿ ಸರಿಸಿ ಏಳತೊಡಗಿದರು, ಬೈಯಬೇಕಾದವರು ಸಿಕ್ಕ ಸಮಾಧಾನದಲ್ಲಿ. ಆ ಸಮಾಧಾನ ಕಂಡು ನನ್ನ ಸಿಟ್ಟು ಮತ್ತೆ ತಲೆಗೇರಿತು.

"ಕೂಡ್ರಿ" ಎಂದೆ. ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಕೂತರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ನನ್ನ ಕೈಯಲ್ಲಿ ಕಲಿತವರು. "ನಂದು ತಪ್ಪು, ಒಪ್ಪಿದೆ. ಈಗ ಹೇಳ್ರಿ, ಈ ಎಂಟು ವರ್ಷದಾಗ ಕಚ್ಚಾ ದಾರಿ ಹಿಡಿದು ಒಂದು ದಿನಾನಾದ್ರೂ ನಡೆದವರು ಕೈ ಎತ್ರಿ."

ಹಿಂದಿನ ಗೋಡೆಯ ಹತ್ತಿರ ಒಂದು ಕೈ ಮೇಲಾಯಿತು. ಇನ್ನೊಂದು ಏಳಲಿಲ್ಲ. ಅಧ್ಯಕ್ಷರು ತಮ್ಮ ಬಿಳಿ ಕರವಸ್ತ್ರ ಮಡಿಸುತ್ತಿದ್ದರು.

"ಇಬ್ಬರು ನೋಡಿದ್ರ ಇಬ್ಬರಿಗೆ ಕಾಣತಿತ್ತು. ಹದಿನೆಂಟು ಮಂದಿ ನೋಡಿದ್ರ ನಾ ಮುಚ್ಚಿದ್ರೂ ಯಾರರೆ ತೆಗೀತಿದ್ರು. ಇನ್ನ ಮ್ಯಾಲೆ ಪಕ್ಕಾ ಅಂತ ನಾ ಹೇಳೂದಿಲ್ಲ, ಮಂತ್ರಿಗಳೂ ಹೇಳೂದು ಬ್ಯಾಡ. ಓಣಿಗೊಬ್ಬರು ಎರಡು ತಿಂಗಳು ಕಚ್ಚಾ ದಾರಿಲೇ ನಡೀಬೇಕು. ಹದಿನೆಂಟೂ ಓಣಿಯವರು ಹೂಂ ಅಂದ ಮ್ಯಾಲೆ ಪಕ್ಕಾ. ಅಲ್ಲೀತನಕ ಆರನೇ ದಾರಿ ಹಿಡಿದು, ಬೆಳಿಗ್ಗೆ ಎದ್ದು ನೋಡಿ ಹೋಗ್ರಿ."

ಗದ್ದಲವೋ ಗದ್ದಲ. ನಮಗೇನು ಬೇರೆ ಕೆಲಸವಿಲ್ಲವೇ ಎಂದರು. ನೀವು ಬರೆದದ್ದು, ನೀವೇ ನೋಡಿಕೊಳ್ಳಿ ಎಂದರು. ನಗರ ದಾರಿಯನ್ನು ಮಾತ್ರ ಆ ಸಂಜೆಯೇ ತೆಗೆಸಿದರು. ಯಾರಿಗೂ ಹೇಳದೆ ಫಲಕಗಳನ್ನೂ ಇಳಿಸಿದರು.

ಮಕ್ಕಳಿಗೆ ಮರುಪರೀಕ್ಷೆ ಕೊಡಿಸಲು ನಾನು ಪರೀಕ್ಷಾ ಮಂಡಳಿಗೆ ಏಳು ಸಲ ಬರೆದೆ, ಎರಡು ಸಲ ಹೋಗಿ ಬಾಗಿಲಲ್ಲಿ ಕೂತೆ. ಕೊನೆಗೆ ಪೂರಕ ಪರೀಕ್ಷೆಯಲ್ಲಿ ಬರೆಯಲಿ ಎಂದರು. ಹದಿನೆಂಟು ಮಕ್ಕಳು ಬರೆದರು, ಎಲ್ಲರೂ ಪಾಸಾದರು. ಪಾರ್ವತಿ ಬರೆಯಲಿಲ್ಲ. ಅಷ್ಟರಲ್ಲಿ ಅವಳ ಅಪ್ಪ ಅವಳನ್ನು ಬಟ್ಟೆ ಅಂಗಡಿಯ ಕೆಲಸಕ್ಕೆ ಹಚ್ಚಿದ್ದ. ನಾನು ನಾಲ್ಕು ಸಲ ಅವರ ಮನೆಗೆ ಹೋದೆ. "ಒಂದು ಹುಡಿಗಿದು ಅಷ್ಟ ಹೋತು ಬಿಡ್ರಿ" ಎಂದು ಊರವರು ನನಗೆ ಸಮಾಧಾನ ಹೇಳುತ್ತಾರೆ. ಅಷ್ಟ ಅಂತೆ. ಆ ಅಷ್ಟ ಎನ್ನುವ ಮಾತನ್ನು ಅಂಗಡಿಯಲ್ಲಿ ದಿನಕ್ಕೆ ಹತ್ತು ತಾಸು ನಿಂತು ಸೀರೆ ಮಡಿಸುವವಳ ಎದುರು ಹೇಳಿ ನೋಡಲಿ.

ಓಣಿಗೊಬ್ಬರು ಸಿಗಲು ಐದು ತಿಂಗಳು ಬೇಕಾಯಿತು. ಕಂಬಾರ ಓಣಿಯವರು ಮೊದಲು ಬಂದರು. ಆ ಬೆಳಿಗ್ಗೆ ಮಕ್ಕಳ ಮುಖ ನೋಡಿದ್ದವರು ಅವರೇ. ಆಮೇಲೆ ಒಬ್ಬೊಬ್ಬರು. ಯಮನೂರಪ್ಪ ನನ್ನೊಡನೆ ಮಾತು ಬಿಟ್ಟಿದ್ದ, ದೂರು ಕಳಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ನಮಸ್ಕಾರ, ಮೊಣಕಾಲು, ಮಗಳು ಯಾವುದೂ ಇಲ್ಲ. ಯಾವ ಓಣಿ, ಯಾವ ದಿನ, ಏನು ತಪ್ಪು, ಮುಗಿಯಿತು. ಮೊಮ್ಮಗು ಹೇಗಿದೆ ಎಂದು ನಾನೇ ಕೇಳಿದರೆ ಉತ್ತರ ಬರುತ್ತಿರಲಿಲ್ಲ.

ಹದಿನೇಳು ಓಣಿ ಸೇರಿದವು. ಅಧ್ಯಕ್ಷರು ಇದ್ದ ಮಠದ ಓಣಿ ಮಾತ್ರ ಉಳಿಯಿತು. ಅಲ್ಲಿಂದ ಯಾರೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವರೊಬ್ಬರನ್ನು ಬಿಟ್ಟು ಪಕ್ಕಾ ಮಾಡಿ ಎಂದು ಜೊತೆಗಾರರು ಬೇಡಿಕೊಂಡರು. ನಾನು ಒಪ್ಪಲಿಲ್ಲ. ಹಟ ಎಂದರು, ಹೌದು ಎಂದೆ.

ಕಾರ್ತಿಕದ ಒಂದು ಬೆಳಿಗ್ಗೆ ಪಟ್ಟಿಯಲ್ಲಿ ಗೊತ್ತಿಲ್ಲದ ದನಿಯೊಂದು ಬಂತು. ಹೆಂಗಸಿನ ದನಿ, ಏದುಸಿರು.

"ನಾ ಶಿವಗಂಗವ್ವ, ರುದ್ರಸ್ವಾಮಿಯವರ ಮನಿಯಾಕಿ. ಅವರಿಗೆ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ. ಮೂರು ದಿನಾತು ನಿಮ್ಮ ಕಚ್ಚಾ ದಾರಿ ಹಿಡಿದು ಅಡ್ಡಾಡಾಕತ್ತೀನಿ. ಇವತ್ತ ನನ್ನನ್ನ ತಂದು ಒಂದು ಗ್ವಾಡಿ ಮುಂದ ನಿಲ್ಲಿಸೇತಿ. ಬಲಕ್ಕ ತೇರಿನ ಓಣಿ ಐತಿ ಅಂತೈತಿ, ಇಲ್ಲಿ ಹಿಟ್ಟಿನ ಗಿರಣಿ ಐತಿ. ಎಷ್ಟು ಓಡೀನಿ ಗೊತ್ತೇನು, ನಾಚಿಕಿಲ್ಲೇನು ನಿಮಗ, ಹಿಂಗ ಬರೀತೀರಿ? ಗಿರಣಿ ಕಟ್ಟಿ ಮ್ಯಾಲೆ ಕುಂತೀನಿ. ಬಂದು ಕಣ್ಣಾರೆ ನೋಡ್ರಿ. ನೋಡೋತನಕ ಏಳಾಂಗಿಲ್ಲ."

ಶಾಲೆಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.